ಕಾವಲಿನ ಅಂಚಿನಲ್ಲಿ ಎರಡು ಬಿಂದಿಗೆ

ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿರುವ ಒಂದು ಊರಿನ ಶಾಲೆಯಲ್ಲಿ ನಾವು ನಡೆಸಿದ ಮೊದಲ ಸಭೆ ಮುಗಿಯುವ ಹೊತ್ತಿಗೆ, ಹವಾಮಾನ ಬದಲಾಗುತ್ತಿದೆ ಎಂದು ಬೆಳಿಗ್ಗೆ ತಾನೇ ನಮ್ಮ ಹತ್ತಿರ ಹೇಳಿಕೊಂಡಿದ್ದವರೂ ಅದೆಲ್ಲ ಸುಳ್ಳು ಎಂಬ ಮಾತಿಗೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಪ್ರೊಜೆಕ್ಟರಿನ ವೈರು ಸುತ್ತುತ್ತಾ ಅವರ ಮುಖಗಳನ್ನೇ ನೋಡುತ್ತಿದ್ದೆ. ಯಾರಿಗೂ ನಾಚಿಕೆ ಇರಲಿಲ್ಲ, ಯಾರೂ ನಾಟಕ ಆಡುತ್ತಲೂ ಇರಲಿಲ್ಲ. ಎರಡೂ ಸಲ ಅವರು ನಿಜವನ್ನೇ ಹೇಳುತ್ತಿದ್ದಂತಿತ್ತು. ಇದು ಹೇಗೆ ಸಾಧ್ಯ ಎಂಬುದು ಆ ಕ್ಷಣಕ್ಕೆ ನನಗೆ ಗೊತ್ತಿರಲಿಲ್ಲ.

ನನ್ನ ಕೆಲಸ ಮೋಡ, ಮಳೆ, ಬಿಸಿಲುಗಳ ಅಧ್ಯಯನವಲ್ಲ. ಅವುಗಳ ಬಗ್ಗೆ ಜನ ನಾಲ್ಕು ಜನರ ಮುಂದೆ ಏನು ಮಾತಾಡುತ್ತಾರೆ, ಯಾಕೆ ಹಾಗೆ ಮಾತಾಡುತ್ತಾರೆ ಎಂಬುದರ ಅಧ್ಯಯನ. ಬೆಂಗಳೂರಿನ ಒಂದು ಸಂಸ್ಥೆಯವರು ಆ ಊರಿನ ಗೋಮಾಳದ ತುಂಡಿನಲ್ಲಿ ಮಳೆ, ಗಾಳಿ, ತಾಪಮಾನ ಅಳೆಯುವ ಯಂತ್ರ ಕೂರಿಸಲು ಕೇಳಿದ್ದರು. ಗ್ರಾಮಸಭೆಯಲ್ಲಿ ಜನ, ‘ಹವಾಮಾನ ಬದಲಾವಣೆ ಅನ್ನೋದೇ ಸುಳ್ಳು, ಯಂತ್ರ ಯಾಕೆ’ ಎಂದು ಕೈ ಎತ್ತಿ ಬೇಡವೆಂದರು. ಕಾರಣ ಹುಡುಕಿ ಕೊಡಿ ಎಂದು ಆ ಸಂಸ್ಥೆ ನಮ್ಮ ತಂಡವನ್ನು ಕೇಳಿಕೊಂಡಿತ್ತು. ‘ಜನರಿಗೆ ತಿಳುವಳಿಕೆ ಸಾಲದು’ ಎಂದು ನಾವು ಬರೆದುಕೊಟ್ಟರೆ ಯಂತ್ರ ಬೇರೆ ತಾಲ್ಲೂಕಿಗೆ ಹೋಗುತ್ತಿತ್ತು, ಈ ಊರಿಗೆ ಮೈಕು ಕಟ್ಟಿದ ಜಾಗೃತಿ ವ್ಯಾನು ಬರುತ್ತಿತ್ತು. ಮಳೆ ಬಿತ್ತೋ ಇಲ್ಲವೋ ಎಂಬುದಕ್ಕೆ ಇವರು ದೂರದ ಹೋಬಳಿ ಕೇಂದ್ರದ ಮಾಪಕವನ್ನೇ ನೆಚ್ಚಿಕೊಂಡು, ಬೆಳೆ ವಿಮೆಗಾಗಿ ಪ್ರತಿವರ್ಷ ಜಗಳವಾಡುತ್ತಿದ್ದ ಜನ. ಯಂತ್ರ ಬಂದರೆ ಲಾಭ ಇವರಿಗೇ. ಆದರೂ ಬೇಡ ಎಂದಿದ್ದರು.

ಮೊದಲ ಸಭೆಗೆ ನಾವು ಚಳ್ಳಕೆರೆಯ ಕಾಲೇಜಿನಿಂದ ಒಬ್ಬ ಭೂಗೋಳದ ಅಧ್ಯಾಪಕರನ್ನು ಕರೆದೊಯ್ದಿದ್ದೆವು. ಒಳ್ಳೆಯ ಮನುಷ್ಯ, ಗೋಡೆಯ ಮೇಲೆ ನಕ್ಷೆಗಳನ್ನು ತೋರಿಸಿ ತಾಳ್ಮೆಯಿಂದ ವಿವರಿಸಿದರು. ಅವರು ಮುಗಿಸುತ್ತಿದ್ದಂತೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಹೆಗಲ ಮೇಲೆ ಕಂಬಳಿ, ಕಿಸೆಯಲ್ಲಿ ದೊಡ್ಡ ಫೋನು, ಐವತ್ತರ ಮೇಲಿನ ವಯಸ್ಸು. ಹಿಂದೆ ಪಂಚಾಯ್ತಿ ಸದಸ್ಯರಾಗಿದ್ದ ಅವರನ್ನು ಊರೆಲ್ಲ ಇವತ್ತಿಗೂ ‘ಮೆಂಬರು’ ಎಂದೇ ಕರೆಯುತ್ತದೆ. ದೊಡ್ಡ ಕುರಿ ಹಿಂಡಿನ ಒಡೆಯ, ಒಳ್ಳೆಯ ಮಾತುಗಾರ.

“ಸಾರ್, ಬಿಸಿಲು ಜಾಸ್ತಿ ಆಗೈತೆ ಅಂದ್ರಿ. ಗಿಡ ನೆಡ್ರಿ ಅಂದ್ರಿ. ಕುರಿ ಕಮ್ಮಿ ಮಾಡ್ರಿ ಅಂತ ಆ ಕೊನೇ ಚಿತ್ರದಾಗೆ ಬರ್ದೈತೆ. ಹೌದಲ್ರಿ?”

“ಹೌದು, ಅದು ಒಂದು ಸಲಹೆ ಅಷ್ಟೇ,” ಎಂದರು ಅಧ್ಯಾಪಕರು.

“ನಮ್ ಕಾವಲು ತಗಂಡು ಸರ್ಕಾರದ ಸಂಶೋಧನೆಗೆ ಅಂತ ಗೋಡೆ ಕಟ್ಟೋವಾಗ್ಲೂ ದೇಶಕ್ಕೆ ಒಳ್ಳೇದು ಅಂದ್ರು. ಈಗ ಉಳ್ದಿರೋ ಕುರೀನೂ ಮಾರ್ರಿ, ಭೂಮಿಗೆ ಒಳ್ಳೇದು ಅಂತೀರಿ. ಬಿಸಿಲು ಎಲ್ಲಾ ಕಾಲಕ್ಕೂ ಇತ್ರಿ. ಈ ಬದಲಾವಣೆ ಅನ್ನೋದು ಐತಲ್ಲ, ಇದು ನಮ್ಮನ್ನ ಇಲ್ಲಿಂದ ಎಬ್ಬಿಸೋಕೆ ಮಾಡಿರೋ ಮಾತು.”

ಚಪ್ಪಾಳೆ ಬಿದ್ದದ್ದು ಆಗ. ಅಧ್ಯಾಪಕರು ಮತ್ತೊಮ್ಮೆ ನಕ್ಷೆ ತೋರಿಸಲು ಹೋದರು. ಸದ್ದು ಇನ್ನೂ ಜೋರಾಯಿತು. ಪುರಾವೆ ಹೆಚ್ಚು ಕೊಟ್ಟಷ್ಟೂ ಜನ ಹೆಚ್ಚು ದೂರ ಸರಿಯುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಆಮೇಲಿನ ವಾರಗಳಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಮನೆ ಮನೆಗೆ ಹೋದೆವು. ಅವಳು ಮೊಳಕಾಲ್ಮುರಿನ ನೇಕಾರರ ಮನೆಯ ಮಗಳು, ಎರಡು ಮಕ್ಕಳ ತಾಯಿ. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಎದುರಿಗಿದ್ದವರ ಮುಖ ನೋಡಿ ತೆಲುಗಿನಲ್ಲಿ ಮುಗಿಸಬಲ್ಲವಳು. ನಮ್ಮ ಕೈಯಲ್ಲಿ, ತಂಡ ಅಧ್ಯಯನ ನಡೆಸುತ್ತಿದ್ದ ಎಲ್ಲ ಜಿಲ್ಲೆಗಳಿಗೂ ಒಂದೇ ಆದ ಪ್ರಶ್ನಾವಳಿ ಇತ್ತು. ‘ಹವಾಮಾನ ಬದಲಾವಣೆಯಲ್ಲಿ ನಿಮಗೆ ಎಷ್ಟರಮಟ್ಟಿಗೆ ನಂಬಿಕೆ ಇದೆ?’ ಎಂಬುದು ಅದರ ಮುಖ್ಯ ಪ್ರಶ್ನೆ. ನಮ್ಮ ಪಟ್ಟಿಯಲ್ಲಿದ್ದ ಇನ್ನೊಂದು ಊರು ರಾಂಪುರದ ಒಂದು ಮನೆಯಲ್ಲಿ ಇದನ್ನು ಓದಿದಾಗ ಅಲ್ಲಿದ್ದ ಹಿರಿಯ ಹೆಂಗಸು ನಕ್ಕುಬಿಟ್ಟಳು. “ನಂಬ್ಕೆ ದೇವರ ಮ್ಯಾಲಮ್ಮಾ. ಗಾಳಿ ಮಳೆ ಮ್ಯಾಲೆ ಏನು ನಂಬ್ಕೆ?”

ಪ್ರಶ್ನಾವಳಿ ಪಕ್ಕಕ್ಕಿಟ್ಟು ಸುಮ್ಮನೆ ಮಾತಿಗೆ ಕೂತರೆ ಬೇರೆಯೇ ಲೋಕ ತೆರೆಯುತ್ತಿತ್ತು. ಶೇಂಗಾ ಬಿತ್ತುವ ಹದ ಈಗ ಕೈಗೆ ಸಿಗುವುದಿಲ್ಲ ಎಂದು ಕಾವಲಿನ ಊರಿನ ಒಬ್ಬ ರೈತ ಹೇಳಿದ. ಬಾರದ ಕಾಲದಲ್ಲಿ ಮಳೆ ಒಂದೇ ಏಟಿಗೆ ಸುರಿದು ಹೋಗುತ್ತದೆ ಎಂದು ಅವನ ಹೆಂಡತಿ ಸೇರಿಸಿದಳು. ಮೆಂಬರ ಮಾತಿಗೆ ಮುಂದೆ ಕೂತು ಚಪ್ಪಾಳೆ ತಟ್ಟಿದ್ದವನೇ ಅವನು. ನಾನು ಅದನ್ನು ನೆನಪಿಸಿದೆ.

“ಅದು ಬೇರೆ, ಇದು ಬೇರೆ ಮೇಡಂ,” ಎಂದ. ಆಮೇಲೆ ದನಿ ತಗ್ಗಿಸಿ, “ನಂಗೆ ಅನ್ನಿಸ್ತೈತೆ. ಆದ್ರೆ ಊರಾಗೆ ಯಾರೂ ಒಪ್ಪಲ್ಲ. ನಾನೊಬ್ನೇ ಹೇಳಿ ಏನಾಗ್ತೈತೆ?”

ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಅದರ ಪಕ್ಕದವರೂ. ಚಳ್ಳಕೆರೆಯ ಲಾಡ್ಜಿನಲ್ಲಿ ಸಂಜೆ ಧ್ವನಿಮುದ್ರಣಗಳನ್ನು ಕೇಳಿಸಿಕೊಳ್ಳುತ್ತಾ ಕೂತಿದ್ದಾಗ ಸಹೋದ್ಯೋಗಿ ಇದ್ದಕ್ಕಿದ್ದಂತೆ ಇಯರ್‌ಫೋನು ತೆಗೆದಳು.

“ಅಕ್ಕಾ, ಎಲ್ರೂ ‘ನಾನೊಬ್ನೇ, ನಾನೊಬ್ಳೇ’ ಅಂತಾರಲ್ಲ. ಎಲ್ರೂ ಒಬ್ಬೊಬ್ರೇ ಆದ್ರೆ ಮತ್ತೆ ಊರು ಯಾವುದು?”

ಪಕ್ಕದವರ ಮೌನವನ್ನು ಪ್ರತಿಯೊಬ್ಬರೂ ಅವರ ಅಭಿಪ್ರಾಯ ಎಂದು ತಪ್ಪಾಗಿ ಓದಿಕೊಳ್ಳುವುದು ನಮ್ಮ ಶಾಸ್ತ್ರದಲ್ಲಿ ಹಳೆಯ ವಿಷಯ. ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ಆದರೆ ಅದು ಒಂದು ಬೀದಿಯುದ್ದಕ್ಕೂ, ಒಂದೊಂದು ಹೊಸ್ತಿಲಲ್ಲೂ, ಅದೇ ತಗ್ಗಿದ ದನಿಯಲ್ಲಿ ಕೂತಿರುವುದನ್ನು ಕೇಳಿಸಿಕೊಂಡದ್ದು ಅದೇ ಮೊದಲು. ಇನ್ನೂ ಒಂದು ಸಂಗತಿ ಹೊಳೆಯಿತು. ನಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಅಂಟಿಕೊಂಡಿದ್ದವು. ಮಳೆ ಬದಲಾಗಿದೆಯೇ ಎಂಬುದು ಒಂದು. ಅದನ್ನು ಹೇಳಲು ಬರುವವರನ್ನು ನಂಬುತ್ತೀರಾ ಎಂಬುದು ಇನ್ನೊಂದು. ಎರಡನೆಯದಕ್ಕೆ ಕೊಟ್ಟ ‘ಇಲ್ಲ’ವನ್ನು ನಾವು ಮೊದಲನೆಯದರ ಖಾನೆಯಲ್ಲಿ ತುಂಬುತ್ತಿದ್ದೆವು.

ಮರುದಿನ ಪ್ರೊಫೆಸರರಿಗೆ ಫೋನ್ ಮಾಡಿದೆ. ಇಡೀ ಯೋಜನೆಯ ಜವಾಬ್ದಾರಿ ಅವರದು. ಗುಟ್ಟಾಗಿ ಮತ ಹಾಕಿಸುತ್ತೇನೆ, ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳುತ್ತೇನೆ, ಬಂದ ಉತ್ತರವನ್ನು ಊರಿನ ಮುಂದೆಯೇ ಇಡುತ್ತೇನೆ ಎಂದೆ.

“ಪ್ರಶ್ನೆ ಬದಲಾಯಿಸಿದರೆ ಉಳಿದ ಜಿಲ್ಲೆಗಳ ಜೊತೆ ಹೋಲಿಸೋಕೆ ಆಗಲ್ಲ. ಅದು ಗೊತ್ತಲ್ಲವಾ?” ಎಂದರು.

“ಗೊತ್ತು ಮೇಡಂ. ಆದರೆ ಈಗ ಹೋಲಿಸುತ್ತಿರುವುದು ಏನನ್ನು ಅನ್ನುವುದೇ ಗೊತ್ತಿಲ್ಲ.”

ಆಚೆ ಕಡೆ ಹಾಳೆ ತಿರುವುವ ಸದ್ದು ಕೇಳಿಸಿತು. “ಒಂದು ಕಡೆ ಪ್ರಯೋಗ ಮಾಡಿ ನೋಡು,” ಎಂದರು ಕೊನೆಗೆ. “ಕೆಟ್ಟರೆ ಅಲ್ಲೇ ನಿಲ್ಲಿಸು.”

ಪ್ರಯೋಗ ರಾಂಪುರದಲ್ಲಿ ಮಾಡಿದೆವು, ಅದು ಕೆಟ್ಟಿತು. ಓದು ಬರದವರಿಗೂ ಸುಲಭವಾಗಲಿ ಎಂದು ಕಾಗದದ ಬದಲು ಬೀಜ ಇಟ್ಟಿದ್ದೆವು. ಹೌದು ಎನ್ನುವವರು ಶೇಂಗಾ ಬೀಜ, ಇಲ್ಲ ಎನ್ನುವವರು ಹುಣಸೆ ಬೀಜ ಬಿಂದಿಗೆಗೆ ಹಾಕಬೇಕು. ಬಂದವರ ಸಂಖ್ಯೆಗೂ ಬಿಂದಿಗೆಯಲ್ಲಿದ್ದ ಬೀಜಗಳಿಗೂ ತಾಳೆಯೇ ಆಗಲಿಲ್ಲ. ಸರದಿಯಲ್ಲಿ ನಿಂತವರು ಶೇಂಗಾವನ್ನು ಬಾಯಿಗೆ ಹಾಕಿಕೊಂಡಿದ್ದರು. “ಮಂಚಿ ಶೇಂಗಾ ಇಚ್ಚಿನಾರು,” ಎಂದು ಒಬ್ಬ ಅಜ್ಜ ತೆಲುಗಿನಲ್ಲಿ ನಮ್ಮ ಶೇಂಗಾವನ್ನು ಮೆಚ್ಚಿಕೊಂಡು ಹೋದ. ಅದಕ್ಕಿಂತ ದೊಡ್ಡ ತಪ್ಪು ಸದ್ದಿನದು. ಗಟ್ಟಿ ಹುಣಸೆ ಬೀಜ ಬಿಂದಿಗೆಯ ತಳಕ್ಕೆ ಬಿದ್ದರೆ ಟಣ್ ಎನ್ನುತ್ತಿತ್ತು, ಶೇಂಗಾ ಮೆತ್ತಗೆ ಬೀಳುತ್ತಿತ್ತು. ಮೂರನೆಯವರು ಹಾಕುವ ಹೊತ್ತಿಗೆ ಹೊರಗೆ ನಿಂತವರು ಸದ್ದು ಕೇಳಿ ನಗಲು ಶುರುಮಾಡಿದ್ದರು. ಅಲ್ಲಿಗೆ ಗುಟ್ಟು ಮುಗಿಯಿತು.

ಸಹೋದ್ಯೋಗಿಗೆ ಮಾತ್ರ ನಿರಾಸೆ ಆಗಲಿಲ್ಲ. ಅವಳು ಶೇಂಗಾ ಬದಲಿಗೆ ಯಾರೂ ತಿನ್ನದ ಹೊಂಗೆ ಬೀಜ ತಂದಳು. ಅಗಲವಾದ ಹೊಂಗೆ, ಸಣ್ಣ ನುಣುಪು ಹುಣಸೆ, ಕತ್ತಲಲ್ಲೂ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಬಿಂದಿಗೆಗಳ ತಳಕ್ಕೆ ತನ್ನ ಹಳೆಯ ಸೀರೆಯ ತುಂಡುಗಳನ್ನು ಒತ್ತಿದಳು. ಎಲ್ಲರಿಗೂ ಎರಡು ಹೊಂಗೆ, ಎರಡು ಹುಣಸೆ ಕೊಡುವುದು, ಬೇಡದ ಬೀಜಗಳನ್ನು ಒಳಗೇ ಇಟ್ಟ ಚೀಲಕ್ಕೆ ಹಾಕಿಸುವುದು ಎಂದು ತೀರ್ಮಾನಿಸಿದೆವು. ಹೊರಬರುವಾಗ ಎಲ್ಲರ ಕೈಯೂ ಖಾಲಿ ಇರುತ್ತದೆ. ಪ್ರಶ್ನೆಗಳು ಕಲಸಿಹೋಗದಂತೆ ಒಂದು ತಾಮ್ರದ ಬಿಂದಿಗೆ, ಒಂದು ಸ್ಟೀಲಿನದು.

ಉಳಿದದ್ದು ಒಂದೇ ಅಳುಕು. ಎಲ್ಲರ ಮುಂದೆ ಬಿಂದಿಗೆ ಸುರಿದಾಗ ಮೆಂಬರಿಗೆ ಅವಮಾನವಾದರೆ? ಊರನ್ನು ಹೊಕ್ಕು ಒಬ್ಬ ಮನುಷ್ಯನ ಮಾತನ್ನು ಮುರಿದುಬರುವ ಹಕ್ಕು ನಮಗಿಲ್ಲ. ಹಾಗಾಗಿ ಅವರನ್ನೇ ಕೇಳಲು, ಅವರು ಕುರಿ ಮೇಯಿಸುತ್ತಿದ್ದ ಕಾವಲಿಗೆ ಹೋದೆ.

ಆ ಬಯಲಿನಲ್ಲಿ ಅಷ್ಟು ಒಳಗೆ ನಾನು ಹೋಗಿದ್ದು ಅದೇ ಮೊದಲು. ಒಣಗಿದ ಹುಲ್ಲು ಗಾಳಿಗೆ ಒಂದೇ ಕಡೆ ಬಾಗಿ, ಏಳುತ್ತಾ, ಕಣ್ಣು ಸೋಲುವವರೆಗೂ ಹೊಂಬಣ್ಣವಾಗಿ ಹಬ್ಬಿತ್ತು. ಮರವಿಲ್ಲ, ಮನೆಯಿಲ್ಲ. ಒಂದು ಕೃಷ್ಣಮೃಗಗಳ ಗುಂಪು ತಲೆಯೆತ್ತಿ ನನ್ನನ್ನು ನೋಡಿ, ಅವಸರವಿಲ್ಲದೆ ದೂರ ಹೋಯಿತು. ಆ ಎಲ್ಲ ಅಗಲದ ಕೊನೆಯಲ್ಲಿ, ಕುದಾಪುರದ ದಿಕ್ಕಿಗೆ, ಉದ್ದನೆಯ ಗೋಡೆಯೂ ಅದರ ಹಿಂದೆ ಸಂಶೋಧನಾ ಕೇಂದ್ರಗಳ ಬಿಳಿ ಕಟ್ಟಡಗಳೂ ಕಾಣುತ್ತಿದ್ದವು. ಅಲ್ಲಿ ನಡೆಯುವ ವಿಜ್ಞಾನದ ಬಗ್ಗೆ ನನಗೆ ಗೌರವವಿದೆ. ಇಲ್ಲಿ ನಿಂತಾಗ ಮಾತ್ರ ಕಣ್ಣು ಮೊದಲು ಗೋಡೆಗೇ ಹೋಗಿ ತಾಗುತ್ತದೆ.

ಮೆಂಬರು ಕೋಲಿಗೆ ಗದ್ದ ಊರಿ ಎಲ್ಲವನ್ನೂ ಕೇಳಿಸಿಕೊಂಡರು.

“ಗುಟ್ಟಾಗಿ ಹಾಕಿಸ್ತೀರಿ. ಸರಿ. ಎಣಿಸೋದು?”

“ಎಣಿಸುವುದನ್ನೂ ಗುಟ್ಟಾಗಿಯೇ ಮಾಡಬಹುದು. ನಿಮಗೆ ಬೇಡ ಅನ್ನಿಸಿದರೆ ಊರ ಮುಂದೆ ಸುರಿಯುವುದಿಲ್ಲ.”

“ಯಾಕ್ರಿ ಬ್ಯಾಡ? ಸುರೀರಿ. ಎಲ್ರ ಮುಂದೇನೇ ಸುರೀರಿ. ನಮ್ಮ ಮಾತು ಕಟ್ಕೊಂಡು ಹೋಗಿ ಬೆಂಗ್ಳೂರಾಗೆ ಬಿಚ್ಚಿ ನೋಡಿದ್ರೆ ಅದೂ ಒಂದು ಬೇಲಿನೇ ಅಲ್ವೇನ್ರಿ?” ಎಂದರು. ಆಮೇಲೆ ನಕ್ಕು, “ಹುಣಸೆ ಬೀಜ ಜಾಸ್ತಿ ತರ್ರಿ. ಸಾಲಲ್ಲ,” ಎಂದರು.

ಸಭೆಯ ದಿನ ಶಾಲೆಯ ಜಗಲಿಯಲ್ಲಿ ಒಂದು ಕಂಬಳಿಯನ್ನು ಪರದೆಯಂತೆ ಕಟ್ಟಿದೆವು. ಅದರ ಹಿಂದೆ ಎರಡು ಬಿಂದಿಗೆ, ಒಂದು ಚೀಲ. ಸಹೋದ್ಯೋಗಿ ಮೆಟ್ಟಿಲ ಮೇಲೆ ನಿಂತು ಎರಡೂ ಭಾಷೆಯಲ್ಲಿ ಹೇಳಿದಳು: “ತಾಮ್ರದ್ದು ಮಳೆಗೆ. ಮಳೆ ಬಿಸಿಲು ನಿಮ್ಮ ಕಣ್ಮುಂದೆ ಬದಲಾಗೈತೆ ಅನ್ನಿಸಿದ್ರೆ ಹೊಂಗೆ, ಇಲ್ಲ ಅನ್ನಿಸಿದ್ರೆ ಹುಣಸೆ. ಸ್ಟೀಲಿಂದು ಮಾತಿಗೆ. ಅದನ್ನ ಹೇಳೋಕೆ ಬರೋ ನಮ್ಮಂಥವರ ಮ್ಯಾಲೆ ನಂಬಿಕೆ ಐತೆ ಅಂದ್ರೆ ಹೊಂಗೆ, ಇಲ್ಲಾಂದ್ರೆ ಹುಣಸೆ.” ‘ನಮ್ಮಂಥವರ’ ಎಂಬುದು ನಾವು ಬರೆದುಕೊಂಡ ವಾಕ್ಯದಲ್ಲಿ ಇರಲಿಲ್ಲ. ಅವಳೇ ಸೇರಿಸಿದ್ದಳು. ಅದು ಸರಿಯಾಗಿತ್ತು.

ಜನ ಬಂದರು. ಹೊಲದಿಂದ ನೇರವಾಗಿ ಬಂದವರು, ಕೂಲಿ ಮುಗಿಸಿ ಆಟೋ ಇಳಿದ ಹೆಂಗಸರು, ಮುಷ್ಟಿ ಬಿಗಿಹಿಡಿದು ಒಬ್ಬೊಬ್ಬರಾಗಿ ಕಂಬಳಿಯ ಹಿಂದೆ ಹೋಗಿ ಬಂದರು. ಸೀರೆಯ ತುಂಡು ಎಲ್ಲ ಸದ್ದನ್ನೂ ನುಂಗಿತು. ಮೆಂಬರ ಅವ್ವ, ಬಾಗಿದ ಬೆನ್ನಿನ ಚುರುಕು ಮುದುಕಿ, ಒಳಗೆ ಹೋದವರು ಬಹಳ ಹೊತ್ತು ಹೊರಬರಲಿಲ್ಲ. “ಏನವ್ವಾ, ಬಿತ್ತನೆ ಮಾಡ್ತಿದೀಯಾ?” ಎಂದು ಯಾರೋ ಕೂಗಿದರು. “ಯೋಚ್ನೆ ಮಾಡಿ ಹಾಕ್ಬ್ಯಾಡ್ವೇನ್ಲೇ,” ಎಂದು ಒಳಗಿನಿಂದಲೇ ಉತ್ತರ ಬಂತು.

ಬಿಳಿ ಪಂಚೆಯೊಂದನ್ನು ಅಂಗಳದಲ್ಲಿ ಹಾಸಿದೆವು. ತಾಮ್ರದ ಬಿಂದಿಗೆಯನ್ನು ಎತ್ತಿ ಸುರಿಯಲು ಮೆಂಬರನ್ನೇ ಕೇಳಿಕೊಂಡೆ. ಅವರು ಗೆಲ್ಲುವವರ ಹಾಗೆ ಸುತ್ತ ನೋಡಿ ಬಿಂದಿಗೆಯನ್ನು ಬೋರಲು ಹಾಕಿದರು.

ಹೊಂಗೆ. ಪಂಚೆಯ ತುಂಬ ಹೊಂಗೆ. ಹುಡುಕಿದರೆ ಅಲ್ಲೊಂದು ಇಲ್ಲೊಂದು ಹುಣಸೆ.

ಯಾರೂ ಎಣಿಸಲಿಲ್ಲ, ಎಣಿಸುವ ಅಗತ್ಯವೇ ಇರಲಿಲ್ಲ. ಬೀಜಗಳನ್ನು ಬಿಟ್ಟು ಜನ ನಿಧಾನವಾಗಿ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳಲು ಶುರುಮಾಡಿದರು. ನೀನೂನಾ? ನೀನೂನಾ? ಮಾತಿಲ್ಲ, ಬರೀ ಕಣ್ಣು. ಇಷ್ಟು ವರ್ಷ ಗೋಡೆಗೆ ಗೋಡೆ ಅಂಟಿಸಿಕೊಂಡು ಬಾಳಿದವರು ಆಗ ತಾನೇ ಪರಿಚಯವಾದಂತೆ ನೋಡುತ್ತಿದ್ದರು. ನನ್ನ ವೃತ್ತಿಯಲ್ಲಿ ಅಂಥ ಗಳಿಗೆ ಮತ್ತೊಂದು ಬರಲಿಕ್ಕಿಲ್ಲ.

ಸ್ಟೀಲಿನ ಬಿಂದಿಗೆಯನ್ನು ಸಹೋದ್ಯೋಗಿ ಸುರಿದಳು. ಅದರಲ್ಲಿ ಹುಣಸೆ. ಮೊದಲಿನಷ್ಟೇ ದಟ್ಟವಾಗಿ, ಬಿಸಿಲಿಗೆ ಮಿರುಗುತ್ತಾ. ನಮ್ಮನ್ನು ನಂಬದವರ ರಾಶಿ. ಅದನ್ನು ನೋಡುವಾಗ ನನಗೆ ನೋವಾಗಬೇಕಿತ್ತು. ಆಗಲಿಲ್ಲ. ಎರಡು ರಾಶಿಗಳು ಬೇರೆ ಬೇರೆಯಾಗಿ ಕಣ್ಣಮುಂದೆ ಬಿದ್ದಿದ್ದವು, ಇಷ್ಟು ದಿನ ನಾವು ಅವುಗಳನ್ನು ಕಲಸಿ ಅದಕ್ಕೆ ಅಜ್ಞಾನ ಎಂದು ಹೆಸರಿಡಲು ಹೊರಟಿದ್ದೆವು.

“ನೀನ್ಯಾವುದು ಹಾಕ್ದೆ ಮೆಂಬರೇ?” ಎಂದು ಹಿಂದಿನಿಂದ ಒಬ್ಬ ಕೇಳಿದ.

“ಯಾರೂ ಹೇಳಬೇಕಾಗಿಲ್ಲ,” ಎಂದು ನಾನು ಥಟ್ಟನೆ ಮುಂದೆ ಬಂದೆ. “ಅದಕ್ಕೇ ಕಂಬಳಿ ಕಟ್ಟಿದ್ದು.”

ಮೆಂಬರು ಕೈಯೆತ್ತಿ ನನ್ನನ್ನು ತಡೆದರು. ಖಾಲಿ ಬಿಂದಿಗೆ ಇನ್ನೂ ಅವರ ಕಂಕುಳಲ್ಲಿತ್ತು.

“ಹೊಂಗೆ,” ಎಂದರು. ಗುಂಪಿನಲ್ಲಿ ಗದ್ದಲವೆದ್ದಿತು. ಅದು ಇಳಿಯುವವರೆಗೂ ಕಾದರು. “ನಾನೂ ಹೊಂಗೇನೇ ಹಾಕಿದ್ದು. ಕುರಿ ಹಿಂದೆ ಸುತ್ತೋನಿಗೆ ಬಿಸಿಲು ಗೊತ್ತಾಗಲ್ವೇನ್ರಿ? ಆದ್ರೆ ಹೌದು ಅಂದಿದ್ದೇ ತಡ, ಅದಕ್ಕೇ ಜಾಗ ಕೊಡು, ಅದಕ್ಕೇ ಕುರಿ ಮಾರು ಅಂತಾರೆ. ಒಂದು ಹೌದಿಗೆ ಇನ್ನೊಂದು ಹೌದು ಕಟ್ಟಿರ್ತಾರೆ. ಅದಕ್ಕೆ ಮೊದಲ್ನೇದಕ್ಕೇ ಇಲ್ಲ ಅಂದೆ. ಊರೂ ಇಲ್ಲ ಅಂತೈತೆ ಅಂದ್ಕಂಡಿದ್ದೆ.”

“ನೀನು ಇಲ್ಲ ಅಂದಿದ್ದಕ್ಕೇ ಊರೂ ಇಲ್ಲ ಅಂತಿತ್ತಲ್ಲೋ,” ಎಂದರು ಅವರ ಅವ್ವ.

ನಗೆ ಅಲೆಯಂತೆ ಎದ್ದಿತು. ಮೆಂಬರೂ ನಕ್ಕರು. ಅಷ್ಟು ಜನರ ಮುಂದೆ ತನ್ನ ಮಾತನ್ನು ತಾನೇ ಬಿಡಿಸಿ ತೋರಿಸುವುದಕ್ಕೆ ಎಂಥ ಗಟ್ಟಿತನ ಬೇಕು ಎಂದು ನಾನು ಬೆರಗಾಗಿ ನಿಂತಿದ್ದೆ. ಸಭೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಎಷ್ಟೊಂದು ಓದಿದವರನ್ನು ಕಂಡಿದ್ದೇನೆ, ಹೀಗೆ ಮಾಡಿದವರು ನೆನಪಾಗಲಿಲ್ಲ.

ಆಮೇಲೆ ಮಾತು ತಾನಾಗಿ ಯಂತ್ರದ ಕಡೆ ಹೊರಳಿತು. ಸಲೀಸಾಗೇನೂ ಅಲ್ಲ. ಯಂತ್ರವೇ ಬೇಡ ಎಂದು ಕೆಲವರು ಹಟ ಹಿಡಿದರು, ಒಬ್ಬರು ಎದ್ದು ಹೊರಟೇಹೋದರು. ಕೊನೆಗೆ ಒಂದು ದಾರಿ ಹೇಳಿದ್ದು ಮೆಂಬರೇ. “ಯಂತ್ರ ಇರ್ಲಿ, ಬೇಲಿ ಬ್ಯಾಡ. ಗೋಮಾಳ ಕೊಡಲ್ಲ. ಶಾಲೆಗೆ ಕಾಂಪೌಂಡು ಐತಲ್ಲ, ಅದರಾಗೆ ಇಡ್ರಿ. ಮಳೆ ಲೆಕ್ಕ ಮೊದ್ಲು ನಮ್ಮೂರ ಬೋರ್ಡಿಗೆ ಬರೀಬೇಕು. ಆಮ್ಯಾಲೆ ಬೆಂಗ್ಳೂರಿಗೆ.”

ನಮ್ಮ ವರದಿಯಲ್ಲಿ ಎರಡು ರಾಶಿಗಳ ಕಥೆಯನ್ನು ಇದ್ದಂತೆ ಬರೆದೆವು. ಅವರು ಹವಾಮಾನವನ್ನಲ್ಲ, ಅದರ ಹೆಸರಿನಲ್ಲಿ ಬರುವ ಕೈಗಳನ್ನು ಅನುಮಾನಿಸುತ್ತಾರೆ, ಆ ಅನುಮಾನಕ್ಕೆ ಕಾರಣವಿದೆ ಎಂದೆವು. ಸಂಸ್ಥೆಯವರು ಊರಿನ ಷರತ್ತುಗಳಿಗೆ ಸುಲಭವಾಗಿ ಒಪ್ಪಲಿಲ್ಲ. ಪತ್ರಗಳು ಹೋದವು, ಬಂದವು. ಜಾಗ ನೋಡಲು ಬಂದ ಇಂಜಿನಿಯರು ಬೇವಿನ ಮರ ತೀರಾ ಹತ್ತಿರ, ಮಳೆ ಸರಿಯಾಗಿ ಬೀಳದು ಎಂದರು. ಮರ ಕಡಿಯಲು ಊರು ಬಿಡಲಿಲ್ಲ. ಕೊನೆಗೆ ವಾಲಿಬಾಲ್ ಕಂಬವನ್ನು ಕಿತ್ತು ಆ ಮೂಲೆಯಲ್ಲಿ ಯಂತ್ರ ಕೂರಿಸಿದರು. ಪ್ರೊಫೆಸರರು ಉಳಿದ ಜಿಲ್ಲೆಗಳಿಗೂ ಪ್ರಶ್ನೆಯನ್ನು ಎರಡಾಗಿ ಒಡೆದು ಕಳಿಸಿದರು. ಹಳೆಯ ಹೋಲಿಕೆಗಳು ಅಲ್ಲಿಗೆ ಕೈಬಿಟ್ಟುಹೋದವು, ಅದಕ್ಕಾಗಿ ಅವರು ಯಾರ್ಯಾರಿಗೆ ಏನೇನು ಉತ್ತರ ಕೊಡಬೇಕಾಯಿತೋ ನನಗೆ ಹೇಳಲಿಲ್ಲ.

ಮುಂಗಾರಿನ ಮೊದಲ ಒಳ್ಳೆಯ ಮಳೆಯ ಮರುದಿನ ಬೆಳಿಗ್ಗೆ ನಾನು ಅಲ್ಲಿದ್ದೆ. ಪಂಚಾಯ್ತಿ ಕಟ್ಟೆಯ ಕಪ್ಪು ಬೋರ್ಡಿನ ಮೇಲೆ ಶಾಲೆಯ ಮೇಷ್ಟ್ರು ಮಳೆಯ ಅಳತೆ ಬರೆದು ಇಳಿಯುತ್ತಿದ್ದಂತೆ ಗುಂಪು ಸೇರಿತು.

“ಸುಳ್ಳು,” ಎಂದರು ಮೆಂಬರು. “ನಮ್ಮ ಹೊಲದಾಗೆ ಬದು ಒಡ್ದೈತೆ. ಇಷ್ಟೇ ಅಂದ್ರೆ ಹೆಂಗೆ?”

“ನಮ್ಮ ಕಡೆ ಧೂಳೂ ಅಡಗಿಲ್ಲ,” ಎಂದ ಇನ್ನೊಬ್ಬ. “ಇದು ಜಾಸ್ತಿನೇ ಬರ್ದೈತೆ.”

ಎಲ್ಲ ಮತ್ತೆ ಶುರುವಾಯಿತು ಅಂದುಕೊಂಡೆ. ಆದರೆ ಯಾರೂ ಯಂತ್ರ ಕೀಳಿ ಎನ್ನಲಿಲ್ಲ. ಒಂದೇ ಊರಿನ ಎರಡು ಹೊಲಕ್ಕೆ ಬೇರೆ ಬೇರೆ ಮಳೆ ಬಿದ್ದಿರಬಹುದಾ ಎಂದು ಒಬ್ಬ ಕೇಳಿದ. ಹಾಗಾದರೆ ನೋಡೇಬಿಡೋಣ, ಮುಂದಿನ ಮಳೆಗೆ ಎಲ್ಲರೂ ತಮ್ಮ ತಮ್ಮ ಹೊಲದಲ್ಲಿ ಒಂದೊಂದು ಪಾತ್ರೆ ಇಡೋಣ ಎಂದ ಮತ್ತೊಬ್ಬ. ಚೊಂಬು ನಡೆಯುವುದಿಲ್ಲ, ಮೇಲಿನಿಂದ ಕೆಳಗಿನವರೆಗೂ ಒಂದೇ ಅಗಲದ ಡಬ್ಬಿ ಆಗಬೇಕು, ಎಲ್ಲವೂ ಒಂದೇ ಅಳತೆಯವು ಇರಬೇಕು ಎಂದರು ಮೇಷ್ಟ್ರು. ಅದಕ್ಕೂ ವಾದ ಹತ್ತಿತು. ಅನುಮಾನ ಹೋಗಿರಲಿಲ್ಲ, ಅದಕ್ಕೀಗ ಮಾಡಲು ಕೆಲಸ ಸಿಕ್ಕಿತ್ತು. ವಿಜ್ಞಾನ ಅನ್ನುವುದು ಶುರುವಾಗುವುದು ಇಲ್ಲಿಂದಲೇ ಅಲ್ಲವೇ ಎಂದುಕೊಳ್ಳುತ್ತಾ ನಾನು ಒಂದು ಬದಿಗೆ ನಿಂತು ಕೇಳುತ್ತಿದ್ದೆ.

ಮೆಂಬರ ಅವ್ವ ಮನೆಯಿಂದ ಸ್ಟೀಲಿನ ಡಬ್ಬಿಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದು, ಒಂದನ್ನು ನನ್ನ ಕೈಗಿತ್ತರು.

“ನಿಂತು ಏನು ನೋಡ್ತೀಯವ್ವಾ? ನೀನೂ ಒಂದು ಹಿಡ್ಕ. ಹೊಲ ಇಲ್ದಿದ್ರೆ ನಮ್ಮ ಮಾಳಿಗೆ ಮ್ಯಾಲೆ ಇಡು.”